ಬಿಟ್ಟ ಉಸಿರು

ಪಿಸ್ಟನ್ನಿಗೆ ತೊಡಿಸುವ ಉಂಗುರವನ್ನು ಸಿಲಿಂಡರಿನ ಬಾಯಿಗಿಟ್ಟು, ಪಿಸ್ಟನ್ನನ್ನು ತಲೆಕೆಳಗು ಹಿಡಿದು ಅದರ ಬೋಳುನೆತ್ತಿಯಿಂದ ಮೆಲ್ಲಗೆ ಒತ್ತಿದ. ಉಂಗುರ ವಾರೆಯಾಗದೆ ಒಂದೇ ಸಮನೆ ಇಳಿಯಿತು. ಅದರ ಎರಡು ತುದಿಗಳು ಒಂದನ್ನೊಂದು ಮುಟ್ಟದೆ ನಿಂತ ಸಂದಿಗೆ ಅಳತೆಯ ತೆಳು ಉಕ್ಕಿನ ಎಲೆ ತೂರಿಸಿ ಎಳೆದ. ಬೆಣ್ಣೆಯಿಂದ ಕೂದಲೆಳೆದ ಹಾಗೆ ಬಂತು. ಅದಕ್ಕಿಂತ ದಪ್ಪದ ಎಲೆ ತೂರಿಸಿದ, ಹೋಗಲಿಲ್ಲ. ಉಂಗುರವನ್ನು ಹೊರತೆಗೆದು ಅದರ ಒಂದು ತುದಿಯನ್ನು ಸಣ್ಣ ಅರದ ಮೇಲೆ ಎಳೆದ, ಒಂದೇ ದಿಕ್ಕಿಗೆ, ಒಂದೇ ಸಲ. ಅಷ್ಟರಲ್ಲಿ ಬೆನ್ನ ಹಿಂದೆ ಲೇತ್ ಯಂತ್ರದ ಕಡೆಯಿಂದ ಒಂದು ಸೀನು ಸಿಡಿಯಿತು.

"ಇಂಜಿನ್ ಬಾಯಿ ತೆಗೆದು ಕೂತಿದೆ ಕಣಯ್ಯಾ. ಆ ಕಡೆ ತಿರುಗಿ ಸೀನು."

"ಸೀನು ಹೇಳಿ ಕೇಳಿ ಬರತ್ತಾ?" ಎಂದ ನೆಗಡಿ. "ಇನ್ನೂ ಆಗ್ಲಿಲ್ವಾ ಆ ಉಂಗುರ? ನಿನ್ನ ಮದುವೆ ಉಂಗುರಕ್ಕೂ ಇಷ್ಟು ಅಳತೆ ತಗೊಂಡಿರಲಿಕ್ಕಿಲ್ಲ."

ನೆಗಡಿಗೆ ವರ್ಷಪೂರ್ತಿ ನೆಗಡಿ. ಲೇತಿನಿಂದ ಏಳುವ ಕಬ್ಬಿಣದ ಪುಡಿಯಿಂದಲೋ ಹುಟ್ಟಿನಿಂದಲೋ, ಮೂಗಿಗೆ ಸದಾ ಒಂದು ಕರವಸ್ತ್ರ ಒತ್ತಿಕೊಂಡೇ ಇರುತ್ತಿದ್ದ, ಅವನ ಹೆಂಡತಿ ಕೂಡ ಶೆಡ್ಡಿಗೆ ಬಂದು "ನೆಗಡಿ ಇದ್ದಾರಾ?" ಎಂದು ಕೇಳುವಷ್ಟು ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಇಬ್ಬರೂ ಸೇರಿ ಈ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿದ ಲಾರಿ ಇಂಜಿನ್ನುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಯಾವುದಕ್ಕೂ ಉಂಗುರ ಹಿಡಿದವನು ಇಷ್ಟು ಸಲ ಅಳತೆ ನೋಡಿರಲಿಲ್ಲ. ಮಾಮೂಲಿ ಇಂಜಿನ್ನಾದರೆ ಈ ಸಂದಿ ಕೂದಲೆಳೆಯಷ್ಟಿದ್ದರೆ ಸಾಕು. ಟರ್ಬೋ ಕೂರಿಸುವ ಇಂಜಿನ್ನಿಗೆ ಸಾಲದು. ಒಳಗಿನ ಬೆಂಕಿ ಹೆಚ್ಚು, ಉಂಗುರ ಹಿಗ್ಗುತ್ತದೆ; ಹಿಗ್ಗಿ ತುದಿಗೆ ತುದಿ ತಾಗಿದರೆ ಮುಂದೆ ಹೋಗಲು ಜಾಗವಿಲ್ಲದೆ ತಾನೂ ಮುರಿದು ಪಿಸ್ಟನ್ನನ್ನೂ ಮುರಿಯುತ್ತದೆ. ಹಾಗಂತ ಹೆಚ್ಚು ತೇಯ್ದರೆ ಒತ್ತಡವೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ. ತೇಯ್ದದ್ದನ್ನು ಮತ್ತೆ ಅಂಟಿಸಲು ಯಾವ ದೇವರಿಗೂ ಬರುವುದಿಲ್ಲ. ಹಿಗ್ಗಲಿಕ್ಕೆ ಎಷ್ಟು ಜಾಗ ಬಿಡಬೇಕು ಅನ್ನುವುದೊಂದೇ ಪ್ರಶ್ನೆ. ಅದನ್ನು ಯೋಚಿಸುತ್ತ ಅವನು ಬೇರೆ ಏನನ್ನೋ ಯೋಚಿಸುತ್ತಿದ್ದ, ಅದೇನೆಂದು ಹಿಡಿಯಲು ಹೋದರೆ ಅದು ಜಾರಿ ಬರೀ ಉಂಗುರವೇ ಕೈಯಲ್ಲಿ ಉಳಿಯುತ್ತಿತ್ತು.

ಇಂಜಿನ್ನು ಅಮ್ಮನ ಕಾರಿನದು. ಕಾರು ಶೆಡ್ಡಿನ ಆ ತುದಿಯಲ್ಲಿ ಬಾನೆಟ್ಟಿಲ್ಲದೆ, ಮುಂದಿನ ಹಲ್ಲು ಕೀಳಿಸಿಕೊಂಡವರ ಹಾಗೆ ನಿಂತಿತ್ತು. ದುಂಡು ದೀಪಗಳು, ಉಬ್ಬಿದ ಮಡ್‌ಗಾರ್ಡು, ಹಾಲಿಗೆ ಸ್ವಲ್ಪ ನೀಲಿ ಬಿದ್ದಂಥ ಬಣ್ಣ. ಬಣ್ಣ ಅವನೇ ಬಳಿದದ್ದು, ತುಕ್ಕು ಕೆರೆದು, ತಗಡು ಬೆಸೆದು. ನೋಡಿದವರೆಲ್ಲ "ಹೊಸದರ ಹಾಗಿದೆಯಲ್ಲ" ಎಂದರು. ಅವನಿಗೆ ಹೊಸದು ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ: ಅಮ್ಮ ಈ ಕಾರಿನ ಸ್ಟಿಯರಿಂಗ್ ಹಿಡಿದು ಗುಡ್ಡದ ರಸ್ತೆಯ ಕೊನೆಯ ತಿರುವನ್ನು ನಿಲ್ಲದೆ ದಾಟಬೇಕು, ಒಳಗೆ ಕೂತವರು ಯಾರೂ ಇಳಿಯಬಾರದು. ಇದನ್ನು ಬಾಯಿಬಿಟ್ಟು ಹೇಳಿದರೆ ಎಷ್ಟು ಸಣ್ಣದಾಗಿ ಕೇಳುತ್ತದೆಂದು ಅವನಿಗೆ ಗೊತ್ತಿತ್ತು. ಹೆಂಡತಿಗೆ ಒಮ್ಮೆ ಹೇಳಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ದಾರ ಉಗಿದು, "ಅಷ್ಟೇನಾ?" ಅಂದಿದ್ದಳು.

ಅಷ್ಟೇ. ಗುಡ್ಡದ ಮೇಲೆ ಆಗ ಎದೆರೋಗದ ಆಸ್ಪತ್ರೆ ಇತ್ತು. ಕೆಳಗಿನ ನಿಲ್ದಾಣದಿಂದ ರೋಗಿಗಳನ್ನು, ಅವರ ಹಾಸಿಗೆ ಸುರುಳಿಗಳನ್ನು, ಫ್ಲಾಸ್ಕು ಹಿಡಿದ ಅಕ್ಕತಂಗಿಯರನ್ನು ಅಮ್ಮ ಈ ಕಾರಿನಲ್ಲಿ ತುಂಬಿ ಹತ್ತಿಸುತ್ತಿದ್ದಳು. ಡ್ರೈವರಮ್ಮ ಅಂದರೆ ಸಾಕು, ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅವನು ಡ್ರೈವರಮ್ಮನ ಮಗ. ಕೊನೆಯ ತಿರುವಿನಲ್ಲಿ ರಸ್ತೆ ಎದ್ದು ನಿಂತ ಹಾಗೆ ಮೇಲಕ್ಕೆ ಹೊರಳುತ್ತಿತ್ತು, ಇಂಜಿನ್ನಿನ ದಮ್ಮು ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ ಹ್ಯಾಂಡ್‌ಬ್ರೇಕು ಎಳೆದು, ಹಿಂತಿರುಗದೆ, ಕನ್ನಡಿಗೆ ಹೇಳಿದ ಹಾಗೆ ಹೇಳುತ್ತಿದ್ದಳು: "ಕಾಲಿದ್ದೋರೆಲ್ಲ ಇಳೀರಪ್ಪಾ." ನಡೆಯಲಾಗದವರು ಒಳಗೆ ಉಳಿಯುತ್ತಿದ್ದರು. ಮಿಕ್ಕವರು ಇಳಿದು, ಕಾರಿನ ಹೊಗೆ ಕುಡಿಯುತ್ತ, ಕೆಮ್ಮುತ್ತ, ಅದರ ಹಿಂದೆ ನಡೆಯುತ್ತಿದ್ದರು. "ಗಾಡೀನೂ ಅಡ್ಮಿಟ್ ಮಾಡಿಸ್ಬಿಡಿ ಡ್ರೈವರಮ್ಮಾ, ಪಕ್ಕದ ಬೆಡ್ ಖಾಲಿ ಇದೆ" ಎಂದು ಒಬ್ಬರಾದರೂ ಹೇಳುತ್ತಿದ್ದರು, ಹೇಳಿದವರು ತಾವೇ ಮೊದಲು ಹೇಳಿದೆವೆಂದು ನಗುತ್ತಿದ್ದರು. ರಜೆಯ ದಿನಗಳಲ್ಲಿ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದ ಅವನಿಗೂ ಕಾಲಿದ್ದವು. ಒಂದು ಸಲ ಅವನ ಲೆಕ್ಕದ ಮೇಷ್ಟ್ರು ಹೆಂಡತಿಯನ್ನು ನೋಡಲು ಹೊರಟವರು ಅದೇ ಕಾರು ಹತ್ತಿದ್ದರು. ತಿರುವಿನಲ್ಲಿ ಇಳಿದು, ಬೂಟಿಗೆ ಕೆಸರಾಗದಂತೆ ಅಂಚಿನಲ್ಲಿ ಹೆಜ್ಜೆ ಇಡುತ್ತ, ಅವನ ಪಕ್ಕದಲ್ಲೇ ನಡೆದರು. ಮಾರನೆಯ ದಿನ ಕಪ್ಪುಹಲಗೆಯ ಮೇಲೆ ಬರೆದರು: ಒಂದು ಗಾಡಿ ಇಷ್ಟು ವೇಗದಲ್ಲಿ ಗುಡ್ಡ ಹತ್ತುತ್ತದೆ, ಅರ್ಧ ದಾರಿಯಲ್ಲಿ ಪ್ರಯಾಣಿಕರು ಇಳಿದು ಇಷ್ಟು ವೇಗದಲ್ಲಿ ನಡೆಯುತ್ತಾರೆ, ಮೊದಲು ತಲುಪುವವರು ಯಾರು? ಇಡೀ ತರಗತಿ ಅವನತ್ತ ತಿರುಗಿತು. ಮೇಷ್ಟ್ರು ಕೆಟ್ಟವರಲ್ಲ. ಆ ವರ್ಷವೇ ಅವರ ಹೆಂಡತಿ ತೀರಿಕೊಂಡರು. ಆದರೂ ಅವನು ಆ ಲೆಕ್ಕಕ್ಕೆ ಉತ್ತರ ಬರೆಯಲಿಲ್ಲ. ಈಗ ಅರದ ಮೇಲೆ ಉಂಗುರವನ್ನು ಇನ್ನೊಮ್ಮೆ ಎಳೆದ, ಮತ್ತೆ ಸಿಲಿಂಡರಿಗಿಳಿಸಿ ದಪ್ಪದ ಎಲೆ ತೂರಿಸಿದ. ಎಲೆ ಸಣ್ಣಗೆ ತಡೆಯುತ್ತ, ಮನಸ್ಸಿಲ್ಲದ ಮನಸ್ಸಿನಿಂದ, ಒಳಗೆ ಹೋಯಿತು.

"ಆಯ್ತು" ಎಂದ.

"ಒಂದಾಯ್ತು" ಎಂದ ನೆಗಡಿ.

ಟರ್ಬೋ ಸಿಕ್ಕಿದ್ದು ಮುರಿದುಹಾಕಿದ ಒಂದು ಲಾರಿಯಿಂದ. ಶೆಡ್ಡಿನಲ್ಲಿ ಅದಕ್ಕೆ ಬಸವನಹುಳು ಎಂದೇ ಹೆಸರು: ಸುರುಳಿ ಸುತ್ತಿದ ಎರಡು ಚಿಪ್ಪುಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತ ಹಾಗೆ, ನಡುವೆ ಒಂದು ಸಣ್ಣ ದಂಡ, ದಂಡದ ಎರಡು ತುದಿಗೂ ರೆಕ್ಕೆಚಕ್ರ. ಇಂಜಿನ್ ಉರಿಸಿ ಹೊರಬಿಡುವ ಬಿಸಿ ಹೊಗೆ ಒಂದು ಚಿಪ್ಪಿನೊಳಗೆ ನುಗ್ಗಿ ಅಲ್ಲಿನ ಚಕ್ರ ತಿರುಗಿಸುತ್ತದೆ; ಅದೇ ದಂಡಕ್ಕೆ ಕಟ್ಟಿಬಿದ್ದ ಇನ್ನೊಂದು ಚಕ್ರ ಆ ಕಡೆಯ ಚಿಪ್ಪಿನಲ್ಲಿ ತಣ್ಣನೆಯ ಗಾಳಿಯನ್ನು ಎಳೆದು, ಅದುಮಿ, ಇಂಜಿನ್ನಿಗೇ ಉಣಿಸುತ್ತದೆ. ಲಾರಿಗಳಲ್ಲಿ ಇದನ್ನು ಎಷ್ಟೋ ಸಲ ಬಿಚ್ಚಿದ್ದ, ತೊಳೆದಿದ್ದ, ಬೈದಿದ್ದ. ಆದರೆ ಅಮ್ಮನ ಕಾರಿಗೆಂದು ಇದನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದ ದಿನ ಅವನು ಅದನ್ನು ಮೊದಲ ಸಲ ನೋಡಿದ. ರೆಕ್ಕೆಗಳು ಒಂದರ ಮೇಲೊಂದು ಬಾಗಿ, ಎಲ್ಲೂ ನೇರ ಗೆರೆ ಅನ್ನುವುದಿಲ್ಲದೆ, ಯಾರೋ ಗಾಳಿಯನ್ನೇ ಅಚ್ಚು ತೆಗೆದಿಟ್ಟ ಹಾಗಿದ್ದವು. ತುಟಿ ಹತ್ತಿರ ತಂದು ಊದಿದ. ಚಕ್ರ ತಿರುಗಿತು. ಊದುವುದು ನಿಲ್ಲಿಸಿದ ಮೇಲೂ ತಿರುಗಿತು, ಸದ್ದಿಲ್ಲದೆ, ಅವನ ಉಸಿರು ತನ್ನೊಳಗೆ ಇನ್ನೂ ಉಳಿದಿದೆ ಎನ್ನುವಂತೆ. ಅವನಿಗೆ ಮೈ ಜುಮ್ಮೆಂದಿತು. ಹೊರಗೆ ಹಾಕಿದ್ದು, ಬೇಡವೆಂದು ಬಿಟ್ಟದ್ದು, ವಾಪಸ್ ಬಂದು ಹೊಸ ಉಸಿರನ್ನು ದೂಡುತ್ತದೆ. ಆ ಉಸಿರು ಇನ್ನಷ್ಟು ಉರಿಯುತ್ತದೆ, ಇನ್ನಷ್ಟು ಬಿಡುತ್ತದೆ, ಅದು ಇನ್ನಷ್ಟು ದೂಡುತ್ತದೆ. ಇದಕ್ಕೆ ಕೊನೆ ಎಲ್ಲಿ? ಇದನ್ನು ಮೊದಲು ಯೋಚಿಸಿದವನು ಆ ರಾತ್ರಿ ನಿದ್ದೆ ಹೇಗೆ ಮಾಡಿದ? ಅವನು ಮತ್ತೆ ಊದಿದ. ಹಿಂದಿನಿಂದ ನೆಗಡಿ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ನಾನೂ ಒಂದು ಸಲ ಊದ್ಲಾ?"

"ನೀನು ಬೇಡ. ನೀನು ಸೀನ್ತೀಯ."

ನೆಗಡಿ ಕರವಸ್ತ್ರದ ಹಿಂದಿನಿಂದ ನಕ್ಕ. ಆಮೇಲೆ ತಲೆ ವಾರೆ ಮಾಡಿ ಬಸವನಹುಳುವನ್ನೂ ಬೆಂಚಿನ ಮೇಲಿದ್ದ ಪುಟ್ಟ ಇಂಜಿನ್ನನ್ನೂ ನೋಡಿದ. "ದೊಡ್ಡದಾಯ್ತಲ್ಲಯ್ಯಾ. ಅಂಗೈಯಗಲ ಇಂಜಿನ್ನಿಗೆ ಲಾರಿ ಹುಳು. ಮಗು ತಲೆಗೆ ಅಪ್ಪನ ಟೋಪಿ ಹಾಕ್ದಂಗೆ."

"ದೊಡ್ಡದಿದ್ರೆ ಒಳ್ಳೇದೇ. ಗುಡ್ಡ ಹತ್ತಬೇಕು."

ಅದು ಲಾರಿಯವರ ಮಾತು. ಲಾರಿಯವರಿಗೆ ದೊಡ್ಡದೇ ಒಳ್ಳೆಯದು. ಇಬ್ಬರೂ ಲಾರಿಯವರಾದ್ದರಿಂದ ಮಾತು ಅಲ್ಲಿಗೇ ನಿಂತಿತು.

ಮನೆಯಲ್ಲಿ ಕೈತೊಳೆಯಲು ನಿಂತರೆ ಹೆಂಡತಿ ಬಾಗಿಲಲ್ಲಿ. "ಮಗಳು ಹುಟ್ಟಿದ ದಿನ ಎತ್ತಿಕೊಳ್ಳೋಕೂ ನೀವು ಇಷ್ಟು ಕೈ ತೊಳೆದಿರಲಿಲ್ಲ." ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಒಳಗೆ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ಬಲಗಾಲು ಸ್ವಲ್ಪ ಮುಂದಕ್ಕೆ ಚಾಚಿ, ಹಿಮ್ಮಡಿ ನೆಲಕ್ಕೂರಿ, ಮುಂಗಾಲು ಎತ್ತಿಕೊಂಡು. ಗಾಡಿ ಬಿಟ್ಟು ಎಷ್ಟು ವರ್ಷವಾದರೂ ಅವಳ ಆ ಕಾಲು ಹಾಗೇ ಕೂರುತ್ತಿತ್ತು, ಕೆಳಗೆ ಒತ್ತಲು ಏನೋ ಇದೆ ಮತ್ತು ಒತ್ತಬಾರದು ಅನ್ನುವಂತೆ. ಅವಳು ಎಂದೂ ಜೋರಾಗಿ ಒತ್ತಿದವಳಲ್ಲ. ಅವನಿಗೆ ಗಾಡಿ ಕಲಿಸುವಾಗಲೂ ಹೇಳಿದ್ದು ಅದೊಂದೇ: ಅಳಿಸಬೇಡ ಇಂಜಿನ್ನನ್ನ. ಇಂಜಿನ್ ಸ್ವರ ಏರುವ ಮೊದಲೇ ಗೇರು ಬದಲಾಯಿಸಬೇಕು, ಇಳಿಜಾರು ಕೊಟ್ಟಿದ್ದನ್ನು ಏರಿಗೆ ಉಳಿಸಿಕೊಳ್ಳಬೇಕು. ಎದೆರೋಗದವರನ್ನು ಹಿಂದೆ ಕೂರಿಸಿಕೊಂಡು ಇಂಜಿನ್ನನ್ನು ಕಿರುಚಿಸುವುದು ಅವಳಿಗೆ ಅಸಭ್ಯವಾಗಿ ಕಾಣುತ್ತಿತ್ತೋ ಏನೋ.

"ಹೇಗಿದೆ?" ಎಂದಳು ತಲೆ ಎತ್ತದೆ.

"ಯಾವುದು?"

"ಯಾವುದು ಅಂತೆ. ನಿನಗೆ ಇನ್ನೊಂದು ಇದೆಯಾ?"

"ಆಗ್ತಾ ಇದೆ."

"ಓಡೋ ಹಾಗಾದ್ರೆ ಸಾಕು. ರಥ ಮಾಡಬೇಡ."

ಬಸವನಹುಳುವಿನ ವಿಷಯ ಅವನು ಅವಳಿಗೆ ಹೇಳಿರಲಿಲ್ಲ. ಅವಳು ತಿಳಿದಿದ್ದದ್ದು ಹಳೆಯ ಇಂಜಿನ್ನು ರಿಪೇರಿಯಾಗುತ್ತಿದೆ ಎಂದು. ಹೊರಗಿನ ಮೈ ಮಾತ್ರ ಹಳೆಯದು. ಒಳಗೆ ಹೊಸ ಪಿಸ್ಟನ್ನು, ಅದರ ಹೊಸ ದಂಡ, ಅಗಲ ಕೊರೆದ ಸಿಲಿಂಡರಿನ ಗೋಡೆ. ಅವಳ ಇಂಜಿನ್ನಿನ ಒಳಗಿನದ್ದೆಲ್ಲ, ಅವಳು ಅಷ್ಟು ವರ್ಷ ಅಳಿಸದೆ ಕಾಪಾಡಿದ್ದು, ಒಂದು ತಗಡಿನ ಡಬ್ಬದಲ್ಲಿ ಬಿದ್ದಿತ್ತು. ಆ ಹಳೆ ಪಿಸ್ಟನ್ನುಗಳನ್ನು ಹೊರತೆಗೆದಾಗ ಅವುಗಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಲಾರಿಯವರು ಒಂದು ಮಳೆಗಾಲದಲ್ಲಿ ತಿಂದುಹಾಕುವುದನ್ನು ಅವಳು ಒಂದು ಆಯುಷ್ಯ ನಡೆಸಿದ್ದಳು. ಅವನು ಅವನ್ನು ಎತ್ತಿ ನೋಡಿದ್ದ, ನೆಗಡಿಗೆ ತೋರಿಸಬೇಕೆಂದುಕೊಂಡು ತೋರಿಸಿರಲಿಲ್ಲ. ಈಗ ಬಟಾಣಿಯ ಬುಟ್ಟಿ ನೋಡುತ್ತ ಅವನಿಗೆ ತಾನು ಯಾರದೋ ಒಡವೆ ಕರಗಿಸಿಬಿಟ್ಟವನ ಹಾಗೆ ಅನಿಸಿತು. ಕೇಳಬಹುದಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲ. ಇಷ್ಟು ಸರಳವಾದ ಮೋಸ.

ಇಂಜಿನ್ನನ್ನು ಕಾರಿಗೆ ಕೂರಿಸಿ ಮೊದಲು ಚಾಲೂ ಮಾಡಿದ ಬೆಳಿಗ್ಗೆ ಶೆಡ್ಡಿನ ಬಾಗಿಲು ಹಾಕಿಕೊಂಡರು, ಯಾರಾದರೂ ಲಾರಿಯವರು ಬಂದು ಮಾತಿಗೆ ಕೂತಾರೆಂದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಬೆಂಕಿ ಕೊಡದೆ, ಇಂಜಿನ್ನನ್ನು ಸುಮ್ಮನೆ ತಿರುಗಿಸಬೇಕು. ಎಣ್ಣೆ ಎಲ್ಲ ಕಡೆ ಹರಿದು ಬಸವನಹುಳುವಿನ ದಂಡದ ತನಕ ಮುಟ್ಟಬೇಕು. ಒಣ ದಂಡ ಆ ವೇಗದಲ್ಲಿ ತಿರುಗಿದರೆ ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತದೆ. ಅವನು ಬಗ್ಗಿ, ಎಣ್ಣೆ ವಾಪಸ್ ಬರುವ ಕೊಳವೆ ಕಳಚಿ, ಅದರ ಬಾಯಿಯ ಕೆಳಗೆ ಒಂದು ಲೋಟ ಹಿಡಿದ. ನೆಗಡಿ ಕೀಲಿ ತಿರುಗಿಸುತ್ತ ಕೂತ. ಏನೂ ಬರಲಿಲ್ಲ. ಕೊಳವೆಯಲ್ಲಿ ಚಿಂದಿ ಉಳಿಯಿತೇ? ಧೂಳು ಹೋಗದಿರಲೆಂದು ಪ್ರತಿ ರಂಧ್ರಕ್ಕೂ ಚಿಂದಿ ತುರುಕಿದ್ದ. ಎಲ್ಲವನ್ನೂ ತೆಗೆದೆನೇ? ತೆಗೆದದ್ದು ನೆನಪಿದೆ, ಆದರೆ ನೆನಪಿರುವುದು ನಿನ್ನೆ ತೆಗೆದದ್ದೋ, ಹಿಂದಿನ ಯಾವುದೋ ಲಾರಿಯದ್ದೋ? ಬೆವರು ಮೂಗಿನ ತುದಿಗಿಳಿಯಿತು. ಆಗ ಕೊಳವೆಯ ಬಾಯಲ್ಲಿ ಒಂದು ಗುಳ್ಳೆ ಊದಿಕೊಂಡು ಒಡೆಯಿತು. ಆಮೇಲೆ ಎಣ್ಣೆ, ಹೊಸದು, ಜೇನಿನ ಬಣ್ಣದ್ದು, ಎಳೆಯಾಗಿ ಲೋಟಕ್ಕಿಳಿಯಿತು.

"ಬಂತು" ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

ಪ್ಲಗ್ಗು ಹಾಕಿ, ಕೊಳವೆ ಜೋಡಿಸಿ, ಕೀಲಿ ತಿರುಗಿಸಿದಾಗ ಇಂಜಿನ್ನು ಒಮ್ಮೆ ಉಗುಳಿತು, ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡಿತು, ಆಮೇಲೆ ಹಿಡಿಯಿತು. ಬೆಂಚಿನ ಮೇಲಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಗುನುಗಿದವು. ಅವನು ಆಕ್ಸಿಲರೇಟರಿನ ತಂತಿಯನ್ನು ಬೆರಳಿನಿಂದ ಎಳೆದ, ಸದ್ದು ಏರಿತು, ಇನ್ನೂ ಎಳೆದ. ಆ ಸದ್ದಿನ ಒಳಗೆಲ್ಲೋ, ಅದರದ್ದಲ್ಲದ ಇನ್ನೊಂದು ಸ್ವರ, ಸಣ್ಣ ಸಿಳ್ಳು, ಹುಟ್ಟಿ ಮೇಲೇರುತ್ತ ಹೋಯಿತು, ದೂರದ ಕೋಣೆಯಲ್ಲಿ ಯಾರೋ ಒಂದೇ ಉಸಿರಿನಲ್ಲಿ ಹಾಡು ಹಿಡಿದ ಹಾಗೆ. ಬಿಸಿಗೆ ಬಸವನಹುಳುವಿನ ಚಿಪ್ಪಿನಿಂದ ಹಳೆ ಕೊಳೆ ಹೊಗೆಯಾಡಿತು. ನೆಗಡಿ ಕರವಸ್ತ್ರವನ್ನು ಮೂಗಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ದೊಡ್ಡವರ ಮುಂದೆ ಟೋಪಿ ತೆಗೆದವನಂತೆ. ಅವನ ಕಣ್ಣಲ್ಲಿ ನೀರಿತ್ತು. ಅದು ಹೊಗೆಗೋ ನೆಗಡಿಗೋ ಎಂದು ಯಾರೂ ಕೇಳಲಿಲ್ಲ.

ಅಮ್ಮನನ್ನು ಒಪ್ಪಿಸಲು ಹೆಚ್ಚು ಕಷ್ಟವಾಗಲಿಲ್ಲ, ಅದೇ ಅವನಿಗೆ ಕಸಿವಿಸಿ ತಂದಿತು. "ಆಸ್ಪತ್ರೆ ರಸ್ತೇಲಿ ಒಂದು ಸುತ್ತು ಹೋಗಿ ಬರೋಣ" ಎಂದರೆ ಚಪ್ಪಲಿ ಹಾಕಿಕೊಂಡು ಎದ್ದೇಬಿಟ್ಟಳು. ಆಸ್ಪತ್ರೆ ಈಗ ಕೆಳಗೆ ಹೊಸ ಕಟ್ಟಡಕ್ಕೆ ಬಂದಿತ್ತು. ಮೇಲಿನ ರಸ್ತೆಯಲ್ಲಿ ಯಾರೂ ಓಡಾಡುತ್ತಿರಲಿಲ್ಲ, ಅಂಚುಗಳಿಂದ ಹುಲ್ಲು ಒಳಕ್ಕೆ ಬಂದಿತ್ತು. ಗುಡ್ಡದ ಬುಡದ ತನಕ ಅವನೇ ಓಡಿಸಿ, ಇಳಿದು, ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದ. ಅಮ್ಮ ಒಂದು ಸೀಟಿನಿಂದ ಇನ್ನೊಂದಕ್ಕೆ ಒಳಗಿನಿಂದಲೇ ಜರುಗಿದಳು. ಸೀಟು ಮುಂದಕ್ಕೆಳೆದಳು. ಕನ್ನಡಿ ಸರಿಮಾಡಿದಳು. ಸ್ಟಿಯರಿಂಗಿನ ಮೇಲೆ ಅಂಗೈ ಸವರಿ, "ಇದನ್ನೊಂದು ಬದಲಾಯಿಸಿಲ್ಲ, ಪುಣ್ಯಾತ್ಮ" ಎಂದಳು. ಅಂದರೆ ಮಿಕ್ಕದ್ದು ಗೊತ್ತಿದೆಯೇ? ಅವನು ಅವಳ ಮುಖ ನೋಡಿದ. ಅವಳು ರಸ್ತೆ ನೋಡುತ್ತಿದ್ದಳು.

ಹೊರಟರು. ಅವನು ಇಷ್ಟು ದಿನ ಕಣ್ಣು ಮುಚ್ಚಿದಾಗಲೆಲ್ಲ ಕಂಡದ್ದು ಇದೇ ರಸ್ತೆ, ಇದೇ ಕೈ, ಆದರೆ ಆ ಕನಸಿನಲ್ಲಿ ಕಾಲು ಮಾತ್ರ ಅವನದಾಗಿತ್ತು ಎಂಬುದು ಮೊದಲ ಏರಿನಲ್ಲೇ ತಿಳಿಯಿತು. ಅಮ್ಮ ತನ್ನ ಹಳೆಯ ಕಾಲಿನಿಂದ ಓಡಿಸುತ್ತಿದ್ದಳು. ಸ್ವರ ಏರುವ ಮೊದಲೇ ಗೇರು ಬದಲಾಯಿಸಿದಳು. ಮೆಲ್ಲಗೆ, ಮುಂಗಾಲಿನ ಭಾರವನ್ನಷ್ಟೇ ಇಟ್ಟಳು. ಬಸವನಹುಳು ಮಲಗಿತ್ತು. ಲಾರಿಯ ಹುಳು ಅದು, ಈ ಪುಟ್ಟ ಇಂಜಿನ್ನು ಕಿರುಚಿ ಹೊಗೆ ನುಗ್ಗಿಸಿದರೆ ಮಾತ್ರ ಏಳುವಂಥದ್ದು. ಅದು ಎದ್ದಾಗ ಪಿಸ್ಟನ್ನು ಒಡೆಯದಿರಲೆಂದು ಅವನೇ ಒಳಗಿನ ಒತ್ತಡ ಇಳಿಸಿ ಕಟ್ಟಿದ್ದ. ಹುಳು ಮಲಗಿರುವಷ್ಟು ಹೊತ್ತು ಈ ಇಂಜಿನ್ನು ಹಳೆಯದಕ್ಕಿಂತ ಬಡವ. ಹಳೆಯದಕ್ಕಿಂತ! ಇದು ಗೊತ್ತಿರದ ವಿಷಯವಲ್ಲ. ಲಾರಿಯವನ ಕಣ್ಣಿಂದ ಆರಿಸಿದ್ದ, ಲಾರಿಯವನ ಕಾಲಿಂದ ಓಡಿಸಿ ನೋಡಿದ್ದ, ಖುಷಿಪಟ್ಟಿದ್ದ. ಯಾರಿಗೆಂದು ಕಟ್ಟಿದನೋ ಅವಳ ಕಾಲನ್ನು, ದಿನಾ ಕಿಟಕಿಯ ಪಕ್ಕ ನೋಡುತ್ತಿದ್ದ ಕಾಲನ್ನು, ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಒತ್ತಮ್ಮ ಸ್ವಲ್ಪ."

"ಒತ್ತಿದೀನಲ್ಲ."

"ಇನ್ನೂ."

"ಅಳತ್ತೆ ಕಣೋ ಅದು."

ಕೊನೆಯ ತಿರುವು ಬಂತು. ರಸ್ತೆ ಎದ್ದು ನಿಂತಿತು. ಕಾರು ಮುಖವೆತ್ತಿತು, ತಿಣುಕಿತು, ಮೈಯೆಲ್ಲ ಕುಲುಕಾಡಿ ಸತ್ತುಹೋಯಿತು. ಹಿಂದಕ್ಕೆ ಜಾರುವುದರೊಳಗೆ ಅಮ್ಮನ ಎಡಗೈ ತಾನಾಗಿಯೇ ಹ್ಯಾಂಡ್‌ಬ್ರೇಕು ಎಳೆದಿತ್ತು. ಸದ್ದಡಗಿದ ಮೇಲೆ ಹುಲ್ಲಿನಲ್ಲಿ ಮಿಡತೆಗಳು ಕೇಳಿಸಿದವು. ಅವನ ಕಿವಿ ಕಾದು ಕೆಂಪಾದವು. ಆ ಕ್ಷಣ ಪಕ್ಕದಲ್ಲಿ ಮೇಷ್ಟ್ರು ಕೂತಿದ್ದರೂ ಅವನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಅಮ್ಮ ಮತ್ತೆ ಚಾಲೂ ಮಾಡಿದಳು, ಮತ್ತೆ ಹೊರಡಿಸಲು ನೋಡಿದಳು. ಈ ಸಲ ಕ್ಲಚ್ಚು ಬಿಡುವುದು ತುಸು ತಡವಾಗಿ ಇಂಜಿನ್ನಿನ ಸ್ವರ ಏರಿತು, ಅದರೊಳಗಿಂದ ಎಳೆಯ ಸಿಳ್ಳೊಂದು ತಲೆ ಹೊರಹಾಕಿ, ಅವಳ ಕಾಲು ಹಿಂದೆ ಸರಿದದ್ದೇ ಅಡಗಿತು. ಇಂಜಿನ್ನು ಮತ್ತೆ ನಿಂತಿತು.

ಅಮ್ಮ ತಲೆ ವಾರೆ ಮಾಡಿದಳು. "ಏನದು ಕೂಗಿದ್ದು?"

"ಅದೇ ಅಮ್ಮ, ನಾನು ಹೇಳಬೇಕು ಅಂತಿದ್ದೆ, ಅದು ಒಂದು ಥರದ..."

ಅವಳು ಅಂಗೈ ಎತ್ತಿದಳು. ಅವಳು ಕೇಳಿಸಿಕೊಳ್ಳುತ್ತಿದ್ದಳು, ಈಗ ಇಲ್ಲದ್ದನ್ನು, ಕೇಳಿ ಹೋದದ್ದನ್ನು. ಆಮೇಲೆ ಹಿಂತಿರುಗದೆ, ಕನ್ನಡಿಗೆ ಹೇಳಿದ ಹಾಗೆ ಹೇಳಿದಳು: "ಕಾಲಿದ್ದೋರು ಇಳೀರಪ್ಪಾ."

ಅವನು ಇಳಿದ. ಯಾರೂ ಇಳಿಯಬಾರದೆಂದು ಕಟ್ಟಿದ ಇಂಜಿನ್ನು. ತಾನೇ ಇಳಿದು ರಸ್ತೆಯ ಅಂಚಿನಲ್ಲಿ, ಮೊಣಕಾಲುದ್ದ ಹುಲ್ಲಿನಲ್ಲಿ, ಬೂಟು ಎತ್ತಿಡುತ್ತ ನಿಂತಿದ್ದ. ನಗು ಬರಬೇಕಿತ್ತು. ಒಳಗೆ ಅಮ್ಮ ಇಂಜಿನ್ನು ಚಾಲೂ ಮಾಡಿದಳು. ಹ್ಯಾಂಡ್‌ಬ್ರೇಕು ಹಾಗೇ ಇತ್ತು. ಸ್ವರ ಏರಿತು. ನಿಲ್ಲುತ್ತದೆಂದುಕೊಂಡ ಕಡೆ ನಿಲ್ಲಲಿಲ್ಲ, ಇನ್ನೂ ಏರಿತು. ಜೀವಮಾನದಲ್ಲಿ ಅಮ್ಮ ಇಂಜಿನ್ನನ್ನು ಅಳಿಸಿದ್ದನ್ನು ಅವನು ಮೊದಲ ಸಲ ಕೇಳಿದ. ಅವಳು ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು ಹಿಡಿದಳು. ಹೋಗಲು ಬಿಡದೆ, ನಿಲ್ಲಲೂ ಬಿಡದೆ. ಕಾರಿನ ಹಿಂಭಾಗ ಕುಸಿದು ನೆಲಕ್ಕೊತ್ತಿಕೊಂಡಿತು, ಕಿಟಕಿಯ ಗಾಜುಗಳು ಗಡಗಡ ನಡುಗಿದವು, ಆ ಗದ್ದಲದ ಒಳಗಿಂದ ಸಿಳ್ಳು ಮತ್ತೆ ಹುಟ್ಟಿತು. ಗಾಜಿನಾಚೆ ಅವಳ ಮುಖ ಕಾಣುತ್ತಿತ್ತು: ಕಣ್ಣು ರಸ್ತೆಯ ಮೇಲಿರಲಿಲ್ಲ, ಎಲ್ಲಿಯೂ ಇರಲಿಲ್ಲ. ಸಿಳ್ಳು ಏರಿತು. ಅವಳು ಕಾದಳು. ಈಗ ಬಿಡುತ್ತಾಳೆ ಅಂದುಕೊಂಡ, ಬಿಡಲಿಲ್ಲ. ಅವನೇ ಆಗಿದ್ದರೆ ಆಗಲೇ ಬಿಟ್ಟು ಕೆಡಿಸಿಬಿಡುತ್ತಿದ್ದ. ಸಿಳ್ಳಿನ ಬುಡದಲ್ಲಿ ಇನ್ನೊಂದು ದಪ್ಪ ಸ್ವರ, ಗಾಳಿ ತುಂಬಿಕೊಂಡದ್ದು, ಸೇರಿತು. ಅದು ಸೇರಿದ ಚಣದಲ್ಲೇ ಹ್ಯಾಂಡ್‌ಬ್ರೇಕು ಕೆಳಗಿಳಿಯಿತು.

ಕಲ್ಲುಗಳು ಅವನ ಮೊಣಕಾಲಿಗೆ ಬಡಿದವು. ಹಾಲುಬಣ್ಣದ ಆ ಪುಟ್ಟ ಬೆನ್ನು ಎದ್ದು ನಿಂತ ರಸ್ತೆಯ ಮೇಲೆ, ರಸ್ತೆಯೇ ಮಲಗಿಬಿಟ್ಟಿತೇನೋ ಎಂಬಂತೆ, ಹೋಯಿತು. ತಿರುಗಿತು. ಮರೆಯಾಯಿತು. ಸಿಳ್ಳು ಮಾತ್ರ ಗುಡ್ಡದ ಆ ಮಗ್ಗುಲಿಂದ ಕೇಳುತ್ತಿತ್ತು, ಅದೂ ಮೇಲಕ್ಕೆ. ಅವನು ಬಾಯಿ ತೆರೆದುಕೊಂಡೇ ನಿಂತಿದ್ದ. ಒಳಗೆ ಧೂಳು ಹೋಗುತ್ತಿತ್ತು. ಇದನ್ನು ಕಟ್ಟಿದ್ದು ನಾನೇ? ಪ್ರತಿ ಬೋಲ್ಟನ್ನೂ ಅವನ ಕೈ ಬಲ್ಲದು. ಆದರೆ ಈಗ ಹೋದದ್ದನ್ನು ಅವನು ಕಟ್ಟಿರಲಿಲ್ಲ, ಅದು ಏನೆಂದು ಅವನಿಗೆ ಗೊತ್ತೂ ಇರಲಿಲ್ಲ. ಯಾರೂ ಹೇಳಿಕೊಡದೆ, ಸತ್ತ ಸ್ವರವೊಂದರ ತುಣುಕು ಹಿಡಿದು, ಅವಳು ಒಳಗಿನ ಹುಳುವನ್ನು ಕಂಡುಕೊಂಡಿದ್ದಳು, ಅದರ ನಿದ್ದೆ ಎಷ್ಟು ಆಳ, ಎಷ್ಟು ಕೂಗಿದರೆ ಏಳುತ್ತದೆ, ಎದ್ದಮೇಲೆ ಎಷ್ಟು ಹೊತ್ತು ಕಾಯಬೇಕು. ಹಾಗಾದರೆ ಅಷ್ಟು ವರ್ಷ ಆ ಬಡ ಇಂಜಿನ್ನಿನಲ್ಲಿ, ಹಿಂದೆ ನಡೆಯಲಾಗದವರನ್ನು ಕೂರಿಸಿಕೊಂಡು, ದಿನಾ ಇದೇ ತಿರುವಿನಲ್ಲಿ ಅವಳು ಏನು ಮಾಡುತ್ತಿದ್ದಳು? ಅವನು ಆಗೆಲ್ಲ ಇಳಿದು ನೆಲ ನೋಡುತ್ತ ನಡೆದಿದ್ದ. ಒಂದು ದಿನವೂ ತಲೆ ಎತ್ತಿ ಕಾರು ಹತ್ತುವುದನ್ನು ನೋಡಿರಲಿಲ್ಲ.

ನಡೆದ. ಏದುಸಿರು ಬಂತು. ಮೇಲೆ ಹಳೆ ಆಸ್ಪತ್ರೆಯ ಗೇಟಿನ ಮುಂದಿನ ಬಯಲಿನಲ್ಲಿ ಕಾರು ಅಡ್ಡಡ್ಡ ನಿಂತಿತ್ತು. ಇಂಜಿನ್ನು ಇನ್ನೂ ಓಡುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಬಿಸಿಗಾಳಿ ನಡುಗುತ್ತ ಏಳುತ್ತಿತ್ತು. ಅಮ್ಮ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತಿದ್ದಳು. ಕೂದಲು ಒಂದು ಕಡೆ ಬಿಚ್ಚಿಬಂದು ಕೆನ್ನೆಗೆ ಅಂಟಿತ್ತು, ಮುಖ ರಕ್ತವೇರಿ ಯಾರದೋ ಎಳೆಯ ಹುಡುಗಿಯದಾಗಿತ್ತು. ಅವನು ಕಿಟಕಿಗೆ ಬಗ್ಗಿದ.

"ಏನಿದು ಒಳಗೆ?" ಎಂದಳು. ಪಿಸುಮಾತಿನಲ್ಲಿ, ಮಲಗಿದವರನ್ನು ಎಬ್ಬಿಸಬಾರದು ಅನ್ನುವಂತೆ.

"ಅದು ಬಿಟ್ಟ ಉಸಿರನ್ನ ಅದಕ್ಕೇ ಕೊಡೋದಮ್ಮ. ಹೊಗೆ ಹೋಗ್ತಾ ಒಂದು ಚಕ್ರ ತಿರುಗ್ಸತ್ತೆ, ಆ ಚಕ್ರ ಗಾಳಿ ತುಂಬತ್ತೆ."

"ಹೊಗೇನಾ? ಹಿಂದೆ ನಡ್ಕೊಂಡು ಬರೋರ ಮುಖಕ್ಕೆ ಬಿಡ್ತಿದ್ದೆವಲ್ಲ, ಆ ಹೊಗೆ?"

"ಅದೇ."

ಗಾಜಿನ ಮೇಲೆ ಒಂದು ಮಿಡತೆ ಬಂದು ಕೂತಿತ್ತು. ಇಂಜಿನ್ನಿನ ನಡುಕಕ್ಕೆ ಅದೂ ನಡುಗುತ್ತಿತ್ತು.

"ತಪ್ಪು ನಂದೇ ಅಮ್ಮ" ಎಂದ ಅವನು. ಮಾತು ಬೇಗಬೇಗ ಬಂತು. "ಹಳೇ ಇಂಜಿನ್ನೂ ಬಿಚ್ಚಿಬಿಟ್ಟೆ, ನಿನ್ನ ಕೇಳಲಿಲ್ಲ. ಇದೂ ದೊಡ್ಡದಾಯ್ತು. ಲಾರಿಗೆ ಹಾಕೋದಿದು. ನಿನ್ನ ಕಾಲು ಹೇಗೆ ಅಂತ ನಾನು ಯೋಚನೇನೇ ಮಾಡಲಿಲ್ಲ. ಇದನ್ನ ತೆಗೆದು ಚಿಕ್ಕದೊಂದು ಹಾಕ್ತೀನಿ. ಕಾಲಿಟ್ಟ ತಕ್ಷಣ ಏಳತ್ತೆ ಅದು, ಹೀಗೆ ಕಾಯೋದು, ಅಳಿಸೋದು ಏನೂ ಇರಲ್ಲ. ಮೆತ್ತಗೆ ಹೋಗತ್ತೆ. ನಾಳೇನೇ ಶುರು ಮಾಡ್ತೀನಿ."

ಅಮ್ಮನ ಬಲಗಾಲು ಕೆಳಗೆ ಒಂದಿಷ್ಟು ಒತ್ತಿತು. ಒಳಗೆ ಸಿಳ್ಳು ತಲೆಯೆತ್ತಿತು, ಅವಳು ಬಿಟ್ಟಾಗ ಇಳಿಯಿತು.

"ಬೇಡ" ಎಂದಳು.

"ಒಂದು ವಾರದ ಕೆಲಸ ಅಷ್ಟೇ ಅಮ್ಮ."

"ಬೇಡ ಅಂದ್ನಲ್ಲ. ಮುಟ್ಟಬೇಡ ಅದನ್ನ."